ತೊಟ್ಟಿಲ ಲೆಕ್ಕ

ಮೊನ್ನೆ ಭಾನುವಾರ ಊಟವಾದ ಮೇಲೆ ನನ್ನ ಮಗ ಒಂದು ಹಾಳೆ, ಒಂದು ಪೆನ್ನು ಹಿಡಿದು ಕುಳಿತ. ಈ ಕಾಲದ ಹುಡುಗರು ಕಾಗದದ ಮೇಲೆ ಲೆಕ್ಕ ಬರೆಯುವುದನ್ನು ಕಂಡರೆ ನನಗೆ ಸಂತೋಷ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಲೆಡ್ಜರು ತಿರುವಿದವನ ಚಪಲ ಅದು. ಮೆಲ್ಲನೆ ಹೋಗಿ ಅವನ ಬೆನ್ನ ಹಿಂದೆ ನಿಂತೆ. ಹಾಳೆಯ ಮೇಲ್ಗಡೆ ನನ್ನ ಸೊಸೆಯ ಸಂಬಳ. ಅದರ ಕೆಳಗೆ ಸಾಲಾಗಿ, ಎರಡು ವರ್ಷದ ಮಗುವನ್ನು ಹಗಲೆಲ್ಲ ಇಟ್ಟುಕೊಳ್ಳುವ ಡೇ ಕೇರಿನ ಶುಲ್ಕ, ಅಲ್ಲಿಂದ ಕರೆತಂದು ಸಂಜೆ ಏಳರವರೆಗೆ ನೋಡಿಕೊಳ್ಳುವ ಹೆಂಗಸಿನ ಸಂಬಳ, ಆಟೋ ಖರ್ಚು, ಅಡಿಗೆ ಮಾಡಲಾಗದ ದಿನ ಹೊರಗಿನಿಂದ ತರಿಸಿದ ಊಟ, ಮಗುವಿಗೆ ನೆಗಡಿಯಾದಾಗ ಸೊಸೆ ಕಳೆದುಕೊಂಡ ದಿನಗಳ ಸಂಬಳ. ಕೊನೆಗೆ ಒಂದು ಗೆರೆ. ಗೆರೆಯ ಕೆಳಗೆ ಉಳಿಕೆ. ಅದು ಬಹಳ ಸಣ್ಣ ಮೊತ್ತ.

“ನೋಡಪ್ಪ, ಇಷ್ಟಕ್ಕೋಸ್ಕರ ಅವಳು ಬೆಳಗಿಂದ ಸಾಯಂಕಾಲದವರೆಗೆ ಒದ್ದಾಡಬೇಕಾ?” ಎಂದ.

ಅವನು ಕೆಟ್ಟವನಲ್ಲ. ಹೆಂಡತಿ ಕೆಲಸಕ್ಕೆ ಹೋಗಬಾರದೆಂಬ ಹಟವೂ ಅವನಿಗಿಲ್ಲ. ಅವಳ ಕಣ್ಣ ಕೆಳಗಿನ ಕಪ್ಪನ್ನು ನೋಡಿ ನೊಂದು ಆಡಿದ ಮಾತು ಅದು. ಕೂಡಿಸುವುದರಲ್ಲಿ ಕಳೆಯುವುದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಎರಡು ಸಲ ಪರೀಕ್ಷಿಸಿದೆ. ಆದರೂ ಏನೋ ಒಂದು ಮುಳ್ಳು ಮನಸ್ಸಿನಲ್ಲಿ ಆಡುತ್ತಲೇ ಇತ್ತು. ಅದು ಏನೆಂದು ತಿಳಿಯಲು ನನಗೆ ಒಂದು ರಾತ್ರಿ ಬೇಕಾಯಿತು. ಮರುದಿನ ಬೆಳಿಗ್ಗೆ ಲಾಲ್‌ಬಾಗಿನ ಬಂಡೆಯ ಪಕ್ಕದಲ್ಲಿ ನಡೆಯುತ್ತಿದ್ದಾಗ ಥಟ್ಟನೆ ಹೊಳೆಯಿತು: ಲೆಕ್ಕ ಸರಿ, ಖಾತೆ ತಪ್ಪು.

ಮಗುವಿಗೆ ತಾಯಿ ತಂದೆ ಇಬ್ಬರು. ಅದನ್ನು ನೋಡಿಕೊಳ್ಳುವ ವೆಚ್ಚವನ್ನು ತಾಯಿಯ ಖಾತೆಗೇ ಏಕೆ ಖರ್ಚು ಹಾಕಬೇಕು? ಹಾಳೆಯ ಮೇಲೆ ಮಗನ ಸಂಬಳ ಬರೆದು, ಅದೇ ಖರ್ಚುಗಳನ್ನು ಅದರಿಂದ ಕಳೆಯಬಹುದಾಗಿತ್ತಲ್ಲ? ಕಳೆದಿದ್ದರೆ, “ಇಷ್ಟಕ್ಕೋಸ್ಕರ ನಾನು ಒದ್ದಾಡಬೇಕಾ?” ಎಂದು ಅವನು ಕೇಳುತ್ತಿದ್ದನೆ? ಅವನ ಸಂಬಳ ಹೆಚ್ಚು, ಅವಳದು ಕಡಿಮೆ, ಆದ್ದರಿಂದ ಕಡಿಮೆಯದನ್ನು ಬಿಡುವುದು ಜಾಣತನ ಎಂದು ಯಾರಾದರೂ ಹೇಳಬಹುದು. ಆದರೆ ಇಬ್ಬರು ಪಾಲುದಾರರ ಅಂಗಡಿಯಲ್ಲಿ ಬಾಡಿಗೆಯನ್ನು ಪೂರ್ತಿಯಾಗಿ ಸಣ್ಣ ಪಾಲುದಾರನ ಹೆಸರಿಗೇ ಬರೆದು, ಆಮೇಲೆ “ನಿನಗೆ ಲಾಭವೇ ಇಲ್ಲವಲ್ಲ, ಬಿಟ್ಟುಬಿಡು” ಎಂದರೆ ಅದನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ.

ಇನ್ನೊಂದು ದೋಷವೂ ಇತ್ತು. ಆ ಹಾಳೆ ಈ ತಿಂಗಳ ಲೆಕ್ಕ. ಡೇ ಕೇರಿನ ಖರ್ಚು ಮೂರು ನಾಲ್ಕು ವರ್ಷದ್ದು. ನೌಕರಿ ಇಪ್ಪತ್ತೈದು ಮೂವತ್ತು ವರ್ಷದ್ದು. ನಡುವೆ ಬಿಟ್ಟವಳಿಗೆ ಬಡ್ತಿ ಹೋಗುತ್ತದೆ, ಭವಿಷ್ಯನಿಧಿ ಕುಗ್ಗುತ್ತದೆ, ಐದು ವರ್ಷದ ಮೇಲೆ ಹೋಗಿ ಕದ ತಟ್ಟಿದರೆ ಒಳಗಿರುವವರು ಕಿರಿಯರು, ತಾನು ಅಪರಿಚಿತೆ. ಇವಾವುವೂ ಗೆರೆಯ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ.

ಇಷ್ಟು ಹೊಳೆದ ಕೂಡಲೆ ಮನೆಗೆ ಧಾವಿಸಿ ಮಗನಿಗೆ ಬುದ್ಧಿ ಹೇಳಬೇಕೆಂದು ಹೊರಟೆ. ದಾರಿಯಲ್ಲಿ ಕಾಲು ನಿಧಾನವಾಯಿತು. ಏಕೆಂದರೆ ಅದೇ ಲೆಕ್ಕವನ್ನು ಅವನಿಗಿಂತ ಮೊದಲು ನಾನೇ ಬರೆದಿದ್ದೆ.

ನಮ್ಮ ಹಿರಿಯ ಮಗಳು ಹುಟ್ಟಿದ್ದು 1978ರಲ್ಲಿ. ಆಗ ನನ್ನಾಕೆ ಒಂದು ಪ್ರೌಢಶಾಲೆಯಲ್ಲಿ ಗಣಿತದ ಉಪಾಧ್ಯಾಯಿನಿ. ಸಂಬಳ ತಿಂಗಳಿಗೆ 340 ರೂಪಾಯಿ. ನನ್ನ ತಾಯಿ ಆಗಲೇ ತೀರಿಕೊಂಡಿದ್ದರು. ಅತ್ತೆ ದೂರದ ಊರಿನಲ್ಲಿದ್ದರು. ಮಗುವಿಗೆ ನಾಲ್ಕು ತಿಂಗಳಾಗುವ ಹೊತ್ತಿಗೆ ಒಂದು ರಾತ್ರಿ ನಾನು ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಆಯಾಳಿಗೆ 60, ಹಾಲಿಗೆ ಇಷ್ಟು, ಬಸ್ಸಿಗೆ ಇಷ್ಟು. ಆಗಲೂ ಮೇಲುಗಡೆ ಇದ್ದದ್ದು ಅವಳ ಸಂಬಳವೇ. ಲೆಕ್ಕವನ್ನು ತೋರಿಸಿ, “ನಿನ್ನಿಷ್ಟ” ಎಂದೆ. ಆ ಮಾತನ್ನು ಆಡಿದಾಗ ನಾನು ಬಹಳ ಉದಾರಿಯೆಂದೇ ಭಾವಿಸಿದ್ದೆ. ನನ್ನ ಜೊತೆಯ ಗುಮಾಸ್ತರಲ್ಲಿ ಎಷ್ಟು ಜನ ಹೆಂಡತಿಗೆ ಅಷ್ಟು ಸ್ವಾತಂತ್ರ್ಯ ಕೊಟ್ಟಿದ್ದರು? ಅವಳು ಲೆಕ್ಕವನ್ನು ನೋಡಿದಳು. ಗಣಿತದವಳು, ಒಂದು ಕಡೆ ನಾನು ದಶಕ ಬಿಟ್ಟಿದ್ದನ್ನು ತೋರಿಸಿದಳು. ಮುಂದಿನ ತಿಂಗಳು ರಾಜೀನಾಮೆ ಕೊಟ್ಟಳು. ಆಮೇಲೆ ಆ ವಿಷಯ ನಮ್ಮ ಮನೆಯಲ್ಲಿ ಬರಲಿಲ್ಲ.

“ನಿನ್ನಿಷ್ಟ” ಎಂಬ ಮಾತಿನ ಒಳಗನ್ನು ಈಗ ಬಿಡಿಸಿ ನೋಡುತ್ತಿದ್ದೇನೆ. ಒಬ್ಬರ ಮುಂದೆ ಎರಡು ದಾರಿಯಿಟ್ಟು ಆರಿಸಿಕೊ ಎಂದರೆ ಅದು ಸ್ವಾತಂತ್ರ್ಯವೇನೋ ಹೌದು. ಆದರೆ ದಾರಿಗಳನ್ನು ಇಟ್ಟವರು ಯಾರು? ಮೂರನೆಯದೊಂದು ದಾರಿಯನ್ನು ನಾನು ಇಡಲೇ ಇಲ್ಲ. ನಾನು ಸಂಜೆಯ ಹೆಚ್ಚುವರಿ ಕೆಲಸ ಬಿಟ್ಟು ಐದೂವರೆಗೆ ಮನೆಗೆ ಬರುವುದು, ಬಡ್ತಿಯ ಪರೀಕ್ಷೆಯನ್ನು ಎರಡು ವರ್ಷ ಮುಂದೆ ಹಾಕುವುದು. ಅದು ಹೊಳೆದು ಬಿಟ್ಟದ್ದಲ್ಲ, ಹೊಳೆಯಲೇ ಇಲ್ಲ. ಹೊಳೆಯದೆ ಮಾಡಿದ ತಪ್ಪಿಗೆ ಹೊಣೆಯುಂಟೆ ಎಂಬುದನ್ನು ನೀತಿಶಾಸ್ತ್ರ ಬಲ್ಲವರು ಚರ್ಚಿಸಬಹುದು. ನನ್ನ ಮಟ್ಟಿಗೆ, ಬ್ಯಾಂಕಿನಲ್ಲಿ ಗೊತ್ತಿಲ್ಲದೆ ತಪ್ಪು ಖಾತೆಗೆ ಹಾಕಿದ ಹಣವನ್ನೂ ನಾವು ವಾಪಸು ಕೊಡಬೇಕಾಗಿತ್ತು.

ಇಲ್ಲಿ ಒಂದು ಭ್ರಮೆಯನ್ನು ಮೊದಲು ಕಳೆದುಕೊಳ್ಳಬೇಕು. ಮಕ್ಕಳೊಂದಿಗಳು ಹೊರಗೆ ದುಡಿಯುವುದು ಈಚಿನ ಕಾಲದ ವಿಚಿತ್ರ ಎಂದು ನಮ್ಮಂಥವರು ತಿಳಿದಿದ್ದೇವೆ. ನಮ್ಮಂಥವರು ಎಂದರೆ ಎರಡು ಮೂರು ತಲೆಮಾರಿನಿಂದ ಸಂಬಳದ ಮೇಲೆ ಬದುಕಿದ ಪಟ್ಟಣದ ಜನ. ನನ್ನ ಅಜ್ಜಿಯ ಊರಿನಲ್ಲಿ ನಾಟಿಯ ಕಾಲಕ್ಕೆ ಗದ್ದೆಯ ಬದುವಿನ ಹೊಂಗೆ ಮರಕ್ಕೆ ಹಳೆಯ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸುತ್ತಿದ್ದರು. ಪಕ್ಕದಲ್ಲಿ ಆರು ವರ್ಷದ ಅಕ್ಕ ಜೋಳಿಗೆಯನ್ನು ತೂಗುತ್ತ ನೊಣ ಓಡಿಸುತ್ತಿದ್ದಳು. ಕೂಸು ಕೂಗಿದರೆ ತಾಯಿ ಕೆಸರು ಕೈ ತೊಳೆದು ಬಂದು ಎತ್ತಿಕೊಳ್ಳುತ್ತಿದ್ದಳು. ರಾಗಿ ಬೀಸುವವಳ ತೊಡೆಯ ಮೇಲೆ ಮಗುವಿರುತ್ತಿತ್ತು. ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವವಳ ಮಗ್ಗುಲಲ್ಲಿ ಮಗುವಿರುತ್ತಿತ್ತು. ದುಡಿಯದ ತಾಯಿ ಎಂಬ ಪ್ರಾಣಿಯೇ ಇರಲಿಲ್ಲ. ಬದಲಾದದ್ದು ತಾಯಿಯಲ್ಲ, ಕೆಲಸ ಇರುವ ಜಾಗ. ಕೆಲಸ ಮನೆಯಿಂದ ಹೊಲದಿಂದ ಎದ್ದು ಗೇಟಿನೊಳಗೆ, ಗಡಿಯಾರದೊಳಗೆ ಹೋಯಿತು. ಗೇಟಿನೊಳಗೆ ಜೋಳಿಗೆ ಕಟ್ಟಲು ಮರವಿಲ್ಲ.

ಇದನ್ನೇ ಪಾಂಡಿತ್ಯದ ಭಾಷೆಯಲ್ಲಿ ಹೇಳಿ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು ಅಮೆರಿಕದ ಕ್ಲಾಡಿಯಾ ಗೋಲ್ಡಿನ್. ಆ ದೇಶದ ಇನ್ನೂರು ವರ್ಷಗಳ ದಾಖಲೆಗಳನ್ನು ಜಾಲಾಡಿ ಅವರು ತೋರಿಸಿದ್ದು ಇದು: ಬೇಸಾಯದ ಕಾಲದಲ್ಲಿ ಮದುವೆಯಾದ ಹೆಂಗಸರು ಹೆಚ್ಚಾಗಿ ದುಡಿಯುತ್ತಿದ್ದರು, ಕಾರ್ಖಾನೆಗಳು ಬಂದಾಗ ಅವರ ಪಾಲು ಇಳಿಯಿತು, ಕಚೇರಿ ಕೆಲಸಗಳು ಹೆಚ್ಚಿದ ಮೇಲೆ ಮತ್ತೆ ಏರಿತು. ಚಿತ್ರ ಬರೆದರೆ ತೊಟ್ಟಿಲಿನ ಆಕಾರವೇ ಬರುತ್ತದೆ. ಗಂಡಸಿನ ಮತ್ತು ಹೆಂಗಸಿನ ಸಂಬಳದ ಅಂತರ ಈ ಕಾಲದಲ್ಲಿ ಬಹುಮಟ್ಟಿಗೆ ಹುಟ್ಟಿಕೊಳ್ಳುವುದು ಮೊದಲ ಮಗು ಹುಟ್ಟಿದಾಗ ಎಂಬುದೂ ಅವರು ಎತ್ತಿ ತೋರಿಸಿದ ಸಂಗತಿ. ಒಂದೇ ಓದು, ಒಂದೇ ಕೆಲಸದಿಂದ ಹೊರಟ ಇಬ್ಬರು ತೊಟ್ಟಿಲ ಹತ್ತಿರ ಬಂದಾಗ ಕವಲಾಗುತ್ತಾರೆ.

ನಮ್ಮ ದೇಶದ ಅಂಕಿಗಳೂ ಕುತೂಹಲಕಾರಿಯಾಗಿವೆ. ಹದಿನೈದು ವರ್ಷ ದಾಟಿದ ಹೆಂಗಸರಲ್ಲಿ ದುಡಿಯುವ ಅಥವಾ ಕೆಲಸ ಹುಡುಕುವವರು 2017-18ರ ಸರ್ಕಾರಿ ಸಮೀಕ್ಷೆಯ ಪ್ರಕಾರ ನೂರಕ್ಕೆ 23.3. ಅದೇ 2023-24ರಲ್ಲಿ 41.7. ಏರಿಕೆ ದೊಡ್ಡದು. ಆದರೆ ಅದರ ಬಹುಪಾಲು ಹಳ್ಳಿಗಾಡಿನದು. ಸ್ವಂತ ದುಡಿಮೆ ಅಥವಾ ಮನೆಯವರ ಹೊಲ, ಅಂಗಡಿಗಳಲ್ಲಿ ಕೂಲಿಯಿಲ್ಲದ ಸಹಾಯ. ಅಂದರೆ ತೊಟ್ಟಿಲನ್ನು ಪಕ್ಕದಲ್ಲಿಟ್ಟುಕೊಂಡು ಮಾಡಬಹುದಾದ ಕೆಲಸ. ಗೇಟಿನೊಳಗಿನ ಕೆಲಸದ ಕಥೆ ಬೇರೆ.

ಇನ್ನೊಂದು ಲೆಕ್ಕವನ್ನು ಓದಿ ನಾನು ಒಬ್ಬನೇ ನಕ್ಕೆ. ಜನ ತಮ್ಮ ದಿನವನ್ನು ಹೇಗೆ ಕಳೆಯುತ್ತಾರೆಂದು ಕೇಂದ್ರ ಸರ್ಕಾರ 2019ರಲ್ಲಿ ದೇಶದುದ್ದಕ್ಕೂ ವಿಚಾರಿಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ ಕಳೆದರೆ ಗಂಡಸು 97 ನಿಮಿಷ. ಅದೂ ‘ತೊಡಗಿದ’ ಗಂಡಸರ ಮಾತು. ಅಂಥವರು ಆ ವರ್ಷ ನೂರಕ್ಕೆ 26 ಮಂದಿ, ಹೆಂಗಸರು 81. ಮತ್ತೆ 2024ರಲ್ಲಿ ಕೇಳಿದರು. ಹೆಂಗಸಿನದು 289ಕ್ಕೆ ಇಳಿದಿತ್ತು. ಬಲು ಸಂತೋಷ. ಗಂಡಸಿನದು 88ಕ್ಕೆ ಇಳಿದಿತ್ತು! ಗ್ಯಾಸಿನ ಒಲೆ, ನಲ್ಲಿ, ಮಿಕ್ಸಿಗಳು ಇಬ್ಬರ ಭಾರವನ್ನೂ ಅಷ್ಟಷ್ಟು ಇಳಿಸಿರಬೇಕು. ಇಬ್ಬರ ನಡುವಿನ ಅಂತರ 202 ನಿಮಿಷದಿಂದ 201 ನಿಮಿಷಕ್ಕೆ ಬಂತು. ಐದು ವರ್ಷಕ್ಕೆ ಒಂದು ನಿಮಿಷ. ಈ ವೇಗದಲ್ಲಿ ಹೋದರೆ ಗಂಡ ಹೆಂಡತಿ ಸಮಾನವಾಗಿ ಪಾತ್ರೆ ತೊಳೆಯುವ ದಿನಕ್ಕೆ ಇನ್ನು ಸಾವಿರ ವರ್ಷ ಬೇಕು.

ಕಾನೂನು ಏನು ಮಾಡಿದೆ? ಮಾಡಿಯೇ ಇಲ್ಲ ಎಂದರೆ ಅನ್ಯಾಯವಾದೀತು. ಬೊಂಬಾಯಿ ಶಾಸನಸಭೆಯಲ್ಲಿ 1928ರಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಅಂಬೇಡ್ಕರರು ಅದನ್ನು ಬೆಂಬಲಿಸಿ ಮಾತನಾಡಿದರು. ತಾಯಿಗೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತ, ಆದ್ದರಿಂದ ಭಾರದ ದೊಡ್ಡ ಪಾಲನ್ನು ಸರ್ಕಾರ ಹೊರಬೇಕಾದದ್ದು ನ್ಯಾಯ. ಆದರೂ ಆಕೆಯ ದುಡಿಮೆಯಿಂದ ಲಾಭ ಪಡೆಯುವ ಧಣಿಯೂ ಕೊಡುವುದು ತಪ್ಪಲ್ಲ ಎಂಬುದು ಅವರ ವಾದದ ತಿರುಳು. ಗಮನಿಸಿ, ಅವರು ಎತ್ತಿದ್ದೂ ಖಾತೆಯ ಪ್ರಶ್ನೆಯನ್ನೇ. ಮಗು ಯಾರ ಬಾಕಿ? 1929ರಲ್ಲಿ ಅದು ಕಾಯಿದೆಯಾಯಿತು. ಆಮೇಲೆ 1948ರ ಕಾರ್ಖಾನೆ ಕಾಯಿದೆ ಬಂತು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಒಂದು ಕೋಣೆ ಇರಬೇಕೆಂದಿತು. 1976ರಲ್ಲಿ ಐವತ್ತು ಮೂವತ್ತಾಯಿತು. 1951ರ ತೋಟಗಾರಿಕೆ ಕಾರ್ಮಿಕರ ಕಾಯಿದೆ ಚಿಕ್ಕಮಗಳೂರು, ಕೊಡಗುಗಳ ಕಾಫಿ ತೋಟಗಳಿಗೂ ಇಂಥದೇ ಮಾತು ಹೇಳಿತು.

ಎಲ್ಲವೂ ಒಳ್ಳೆಯದೇ. ಆದರೆ ಎಣಿಸಿದ್ದು ಯಾರನ್ನು? ಹೆಂಗಸರನ್ನು. ಮಕ್ಕಳು ಇರುವುದು ಹೆಂಗಸರಿಗೆ ಮಾತ್ರ ಎಂಬ ಹಾಗೆ. ಸಾವಿರ ಗಂಡಸರೂ ಇಪ್ಪತ್ತೆಂಟು ಹೆಂಗಸರೂ ಇರುವ ಕಾರ್ಖಾನೆಗೆ ಮಕ್ಕಳ ಕೋಣೆ ಬೇಡವಾಗಿತ್ತು. ಆ ಸಾವಿರ ಗಂಡಸರು ಸನ್ಯಾಸಿಗಳೆಂದು ಕಾನೂನಿನ ಊಹೆ ಇರಬೇಕು. ಧಣಿಗೆ ಉಪಾಯವೂ ಸುಲಭವಾಗಿತ್ತು: ಮೂವತ್ತೊಂದನೆಯ ಹೆಂಗಸನ್ನು ತೆಗೆದುಕೊಳ್ಳದಿದ್ದರೆ ಸಾಕಿತ್ತು. ಹೆರಿಗೆ ಸೌಲಭ್ಯದ 1961ರ ಕಾಯಿದೆಗೆ 2017ರಲ್ಲಿ ತಿದ್ದುಪಡಿ ಬಂದಾಗ ಈ ತಪ್ಪು ಅರ್ಧ ಸರಿಹೋಯಿತು. ಸಂಬಳ ಸಹಿತ ರಜೆ ಮೊದಲ ಎರಡು ಮಕ್ಕಳಿಗೆ 12 ವಾರದಿಂದ 26 ವಾರಕ್ಕೆ ಏರಿತು. ಐವತ್ತು ಮಂದಿ ‘ನೌಕರರು’ ಇರುವಲ್ಲೆಲ್ಲ ಮಕ್ಕಳ ಮನೆ ಇರಬೇಕೆಂದಾಯಿತು. ಹೆಂಗಸರು ಹೋಗಿ ನೌಕರರು ಬಂದರು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಮಾತು ಉಳಿಯಿತು. ಆದರೆ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರುವ ಹಕ್ಕು ತಾಯಿಗೆ ಮಾತ್ರ. 2017ರ ಆ ತಿದ್ದುಪಡಿಯಲ್ಲಿ ತಂದೆಯ ರಜೆಯ ಮಾತೇ ಇಲ್ಲ. ಇಪ್ಪತ್ತಾರು ವಾರದ ಸಂಬಳವನ್ನು, ಈ.ಎಸ್.ಐ. ವ್ಯಾಪ್ತಿಗೆ ಬರದ ಕಡೆ, ಧಣಿಯೊಬ್ಬನೇ ಕೊಡಬೇಕು. ಆಗ ಅವನು ಸಂದರ್ಶನಕ್ಕೆ ಬಂದ ಹೊಸ ಮದುವಣಗಿತ್ತಿಯನ್ನು ಯಾವ ಕಣ್ಣಿನಿಂದ ನೋಡುತ್ತಾನೆ? ತೊಟ್ಟಿಲ ಖರ್ಚನ್ನು ಹೆಂಡತಿಯ ಖಾತೆಗೆ ಬರೆದ ನನ್ನ ಹಾಗೆಯೇ ಅವನೂ ಬರೆಯುತ್ತಾನೆ, ಹೆಂಗಸು ದುಬಾರಿ ಎಂದು.

ಸ್ವೀಡನ್ ದೇಶದವರು 1974ರಲ್ಲಿಯೇ ಈ ರಜೆಯನ್ನು ತಾಯಿಯದೆನ್ನದೆ ‘ಹೆತ್ತವರದು’ ಎಂದು ಮಾಡಿದರು. ವಿನೋದವೇನೆಂದರೆ ಹಕ್ಕು ಸಿಕ್ಕಿದರೂ ತಂದೆಗಳು ಹೆಚ್ಚಾಗಿ ಬರಲಿಲ್ಲ. “ನಿನ್ನಿಷ್ಟ” ಅಲ್ಲಿಯೂ ಕೆಲಸ ಮಾಡಿತು. ಕೊನೆಗೆ 1995ರಲ್ಲಿ, ತಂದೆಯೇ ತೆಗೆದುಕೊಳ್ಳಬೇಕಾದ, ತೆಗೆದುಕೊಳ್ಳದಿದ್ದರೆ ನಷ್ಟವಾಗುವ ಒಂದು ತಿಂಗಳನ್ನು ಬೇರೆ ಕಟ್ಟಿಟ್ಟರು. ಆಮೇಲೆ ಅದು ಎರಡಾಯಿತು, 2016ರಲ್ಲಿ ಮೂರಾಯಿತು. ಗಂಡಸು ತೊಟ್ಟಿಲ ಬಳಿಗೆ ಹೋಗುವುದು ಹೃದಯ ಪರಿವರ್ತನೆಯಿಂದಲ್ಲ, ರಜೆ ವ್ಯರ್ಥವಾದೀತೆಂಬ ಭಯದಿಂದ ಎಂದು ನನ್ನ ಅನುಭವವೂ ಹೇಳುತ್ತದೆ.

ಉದ್ಯಾನದ ಕಲ್ಲುಬೆಂಚಿನಲ್ಲಿ ನನ್ನ ಪಕ್ಕ ಕೂರುವ ಸ್ನೇಹಿತರೊಬ್ಬರಿದ್ದಾರೆ. ತತ್ತ್ವಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಇಷ್ಟನ್ನೆಲ್ಲ ಅವರಿಗೆ ಹೇಳಿದೆ. ಅವರು ನಶ್ಯದ ಡಬ್ಬಿಯನ್ನು ತಟ್ಟಿ, “ರಾಯರೇ, ನೀವು ಗಂಡ ಹೆಂಡಿರ ನ್ಯಾಯ ಹೇಳ್ತಿದ್ದೀರಿ. ಮೂರನೆಯ ಕಕ್ಷಿಗಾರ ಒಬ್ಬನಿದ್ದಾನೆ, ಅವನಿಗೆ ಮಾತು ಬರೋಲ್ಲ. ಮೊದಲ ಮೂರು ವರ್ಷ ಕೂಸಿಗೆ ತಾಯಿ ಬೇಕು. ಅದು ಪ್ರಕೃತಿ. ಅದಕ್ಕೆ ನಿಮ್ಮ ಲೆಡ್ಜರಿನಲ್ಲಿ ಯಾವ ಕಾಲಮ್ಮು?” ಎಂದರು.

ಈ ಆಕ್ಷೇಪಣೆಯನ್ನು ಹಗುರಾಗಿ ತಳ್ಳಿಹಾಕಲಾರೆ. ನಮ್ಮ ಮೊಮ್ಮಗಳು ಬೆಳಿಗ್ಗೆ ಎಂಟೂವರೆಗೆ ಡೇ ಕೇರಿನ ಬಾಗಿಲಲ್ಲಿ ತಾಯಿಯ ದುಪಟ್ಟಾ ಹಿಡಿದು ಅಳುವುದನ್ನು ನಾನು ನೋಡಿದ್ದೇನೆ. ಆ ಅಳು ಸುಳ್ಳಲ್ಲ. ಮಗುವಿಗೆ ಬದಲಾಗದ ಒಂದೆರಡು ಮುಖ ಬೇಕು, ಅವಸರವಿಲ್ಲದ ಮಡಿಲು ಬೇಕು. ಅದನ್ನು ಸಂಬಳಕ್ಕೆ ಬಂದು ಆರು ತಿಂಗಳಿಗೊಮ್ಮೆ ಬದಲಾಗುವ ಹುಡುಗಿಯರಿಂದ ಪಡೆಯುವುದು ಕಷ್ಟ. ಹೆಂಗಸರ ಬಿಡುಗಡೆಯ ಹೆಸರಿನಲ್ಲಿ ಇದನ್ನು ಮರೆಮಾಚುವವರ ಜೊತೆ ನಾನಿಲ್ಲ. ಆದರೆ ಸ್ನೇಹಿತರ ವಾಕ್ಯದಲ್ಲಿ ಒಂದು ಪದ ನುಸುಳಿದೆ. ಮೊಲೆಹಾಲಿನ ತಿಂಗಳುಗಳು ಕಳೆದ ಮೇಲೆ ಮಗುವಿಗೆ ಬೇಕಾದ ಆ ಬದಲಾಗದ ಮುಖ ತಾಯಿಯದೇ ಆಗಬೇಕೆಂದು ಪ್ರಕೃತಿ ಎಲ್ಲಿ ಬರೆದಿದೆ? ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಅಜ್ಜಿಯ, ಸೋದರತ್ತೆಯ, ದೊಡ್ಡಮ್ಮನ ಸೊಂಟದ ಮೇಲೆ ಬೆಳೆದ ಮಕ್ಕಳು ನಾವು. ತಾಯಿಯೊಬ್ಬಳೇ ಬಾಗಿಲು ಹಾಕಿಕೊಂಡು ಎರಡು ಕೋಣೆಯ ಫ್ಲಾಟಿನಲ್ಲಿ ಹನ್ನೆರಡು ಗಂಟೆ ಒಂದು ಮಗುವಿನೊಡನೆ ಇರುವುದು ಪ್ರಕೃತಿಯೂ ಅಲ್ಲ, ಸಂಪ್ರದಾಯವೂ ಅಲ್ಲ. ಅದೂ ಡೇ ಕೇರಿನಷ್ಟೇ ಹೊಸದು. ಮತ್ತೆ, ಈ ವಿಷಯದಲ್ಲಿ ಉಪದೇಶಿಸುವ ಗಂಡಸರನ್ನು ಸ್ವಲ್ಪ ಎಚ್ಚರದಿಂದ ಕೇಳಬೇಕು. ಮಕ್ಕಳನ್ನು ಬೆಳೆಸುವ ಬಗೆಯನ್ನು ಕುರಿತು 1762ರಲ್ಲಿ ‘ಎಮಿಲ್’ ಎಂಬ ಜಗತ್ಪ್ರಸಿದ್ಧ ಗ್ರಂಥ ಬರೆದ ರೂಸೋ ಮಹಾಶಯ ತನ್ನ ಐದು ಮಕ್ಕಳನ್ನೂ ಅನಾಥಾಲಯದ ಬಾಗಿಲಿಗೆ ಕಳಿಸಿದವನು.

ಹಾಗೆಂದು ಸ್ನೇಹಿತರಿಗೆ ಹೇಳಿದೆ. ಅವರು, “ಸರಿ, ತಂದೆ ಕೂರಲಿ. ಕೂರಕ್ಕೆ ಯಾರು ಬಿಡ್ತಾರೆ?” ಎಂದರು. ಅಲ್ಲಿಗೆ ಮಾತು ಸರಿಯಾದ ಜಾಗಕ್ಕೆ ಬಂತು. ನಮ್ಮ ಉದ್ಯಮಗಳ ಹಿರಿಯರೊಬ್ಬರು 2023ರಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರಲ್ಲಿ ಇನ್ನೊಬ್ಬರು 90 ಗಂಟೆ ಎಂದರು. ವಾರಕ್ಕೆ 90 ಎಂದರೆ ಭಾನುವಾರವೂ ಸೇರಿ ದಿನಕ್ಕೆ ಸುಮಾರು 13 ಗಂಟೆ. ಅಷ್ಟು ದುಡಿಯುವವನ ಮಗುವಿಗೆ ಗಂಜಿ ಉಣಿಸುವವರು ಯಾರು ಎಂಬುದನ್ನು ಅವರು ಹೇಳಲಿಲ್ಲ. ಹೇಳಬೇಕಾದ ಅಗತ್ಯ ಅವರಿಗೆ ಕಾಣಲಿಲ್ಲ. ಯಾರೋ ಇದ್ದೇ ಇರುತ್ತಾರೆ ಎಂಬುದು ಆ ಲೆಕ್ಕದಲ್ಲಿ ಬರೆಯದೆ ಬಿಟ್ಟ ಸಾಲು.

ಆ ‘ಯಾರೋ’ ನಮ್ಮ ಮನೆಗೂ ಬರುತ್ತಾಳೆ. ಇದು ನಾನು ಹೇಳಲು ಹಿಂಜರಿಯುತ್ತಿದ್ದ ಭಾಗ.

ಮೊಮ್ಮಗಳನ್ನು ನಾಲ್ಕು ಗಂಟೆಗೆ ಕರೆತಂದು ಏಳರವರೆಗೆ ನೋಡಿಕೊಳ್ಳುವ ಹೆಂಗಸು. ವಯಸ್ಸು ಇಪ್ಪತ್ತಾರು ಇಪ್ಪತ್ತೇಳು. ಮೊದಲು ಬೊಮ್ಮನಹಳ್ಳಿಯ ಕಡೆ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದಳು. ಬೆಂಗಳೂರಿನ ಈ ಕಾರ್ಖಾನೆಗಳಲ್ಲಿ ದುಡಿಯುವವರು ಬಹುಪಾಲು ಹೆಂಗಸರು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣ ತೆಗೆಯಲು ಅಡ್ಡಿ ತಂದ ನಿಯಮದ ವಿರುದ್ಧ ಸಾವಿರಾರು ಮಂದಿ ಹೊಸೂರು ರಸ್ತೆಗೆ ಇಳಿದು ಸರ್ಕಾರ ಅದನ್ನು ಹಿಂತೆಗೆದುಕೊಳ್ಳುವಂತೆ ಮಾಡಿದವರು ಇವರೇ. ಹೆಂಗಸಿನ ಸಂಬಳವೆಂದರೆ ಮೇಲುಖರ್ಚಿಗೆ ಎಂದು ನಂಬಿದವರು ಆ ರಸ್ತೆಯನ್ನು ನೆನೆಯಬೇಕು. ಆ ಹಣದಲ್ಲಿ ಮಕ್ಕಳ ಶಾಲೆ, ಮನೆಯ ಸಾಲ, ಮಗಳ ಮದುವೆ ಎಲ್ಲ ಇತ್ತು. ನಮ್ಮವಳು ಮಾತ್ರ ಮಗುವಾದ ಮೇಲೆ ಬಿಟ್ಟಳು. “ಒಳಗೆ ಮಕ್ಕಳ ರೂಮಿತ್ತು ಸಾರ್. ಬೆಳಿಗ್ಗೆ ಏಳೂವರೆ ಬಸ್ಸಲ್ಲಿ ನಿಂತ್ಕೊಳ್ಳಕ್ಕೂ ಜಾಗ ಇರಲ್ಲ, ಎಳೇ ಮಗೂನ ಎತ್ಕೊಂಡು ಹೆಂಗ್ ಬರದು?” ಎಂದು ಒಮ್ಮೆ ಹೇಳಿದ್ದಳು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಉಚಿತವಾಗಿದೆ. ಜಾಗವನ್ನು ಉಚಿತವಾಗಿ ಕೊಡಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ.

ಎಂಟು ತಿಂಗಳು ಅವಳು ನಮ್ಮ ಮಗುವನ್ನು ಎತ್ತಿ ಆಡಿಸಿದಳು. ಎಂಟು ತಿಂಗಳಲ್ಲಿ ನಾನು ಒಮ್ಮೆಯಾದರೂ ಕೇಳಬಹುದಾಗಿದ್ದ ಪ್ರಶ್ನೆಯನ್ನು ಕೇಳಲಿಲ್ಲ. ಖಾತೆಯ ಗೀಳು ಹಿಡಿದ ಆ ಸೋಮವಾರ ಸಂಜೆ ಕೇಳಿದೆ: “ನಿನ್ನ ಮಗು ಈಗ ಎಲ್ಲಿರುತ್ತಮ್ಮ?”

“ಮನೇಲಿ ಸಾರ್. ದೊಡ್ಡವಳು ನೋಡ್ಕೋತಾಳೆ.”

“ದೊಡ್ಡವಳಿಗೆ ಎಷ್ಟು ವರ್ಷ?”

“ಒಂಬತ್ತು.”

ಬೆಳಿಗ್ಗೆ ಅವಳು ಬೇರೆ ಎರಡು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾಳೆ; ಆ ಹೊತ್ತಿಗೂ ದೊಡ್ಡವಳೇ. ಶಾಲೆಗೆ ವಾರದಲ್ಲಿ ಎರಡು ಮೂರು ದಿನ ತಪ್ಪುತ್ತದಂತೆ. ಹೊಂಗೆ ಮರದ ಜೋಳಿಗೆಯ ಪಕ್ಕದಲ್ಲಿ ಆರು ವರ್ಷದ ಅಕ್ಕ ನೊಣ ಓಡಿಸುತ್ತಿದ್ದಳೆಂದು ಮೇಲೆ ಬರೆದೆನಲ್ಲ, ಅದನ್ನು ಬರೆಯುವಾಗ ನನಗೆ ಅದೊಂದು ಸುಂದರ ಚಿತ್ರವಾಗಿ ಕಂಡಿತ್ತು.

ಹಗಲಿನಲ್ಲಿ ಅಂಗನವಾಡಿಗೆ ಬಿಡಬಾರದೆ ಎಂದೆ. 1975ರಲ್ಲಿ ಆರಂಭವಾದ ಆ ವ್ಯವಸ್ಥೆ ದೇಶಕ್ಕೆ ದೊಡ್ಡ ಉಪಕಾರ ಮಾಡಿದೆ. ಆದರೆ ಮೂರು ವರ್ಷ ತುಂಬಿದ ಮಕ್ಕಳನ್ನು ಅಲ್ಲಿ ಕೂರಿಸಿಕೊಳ್ಳುತ್ತಾರೆ, ಅದಕ್ಕಿಂತ ಚಿಕ್ಕವರಿಗೆ ಮನೆಗೆ ಆಹಾರದ ಪೊಟ್ಟಣ ಕೊಟ್ಟು ಕಳಿಸುತ್ತಾರೆ. ಅವಳ ಮಗುವಿಗೆ ಒಂದೂ ಮುಕ್ಕಾಲು. ಹಳ್ಳಿಯಲ್ಲಿದ್ದಿದ್ದರೆ ಗ್ರಾಮ ಪಂಚಾಯಿತಿಗಳಲ್ಲಿ ತೆರೆಯಲು ಸರ್ಕಾರ 2023ರ ಬಜೆಟ್ಟಿನಲ್ಲಿ ಘೋಷಿಸಿದ ‘ಕೂಸಿನ ಮನೆ’ ಇರುತ್ತಿತ್ತೇನೋ. ಇದು ಬೆಂಗಳೂರು. ಹುಟ್ಟಿನಿಂದ ಮೂರು ವರ್ಷದವರೆಗೆ ದುಡಿಯುವವರ ಮಗು ಹಗಲು ಎಲ್ಲಿರಬೇಕು ಎಂಬುದು ಈ ಊರು ಇನ್ನೂ ಗಟ್ಟಿಯಾಗಿ ಕೇಳಿಕೊಳ್ಳದ ಪ್ರಶ್ನೆ. ದೆಹಲಿಯಲ್ಲಿ ಒಬ್ಬರು ಕೇಳಿಕೊಂಡಿದ್ದರು. 1969ರಲ್ಲಿ ಗಾಂಧೀ ಶತಮಾನೋತ್ಸವಕ್ಕಾಗಿ ರಾಜಘಾಟಿನ ಬಳಿ ಪ್ರದರ್ಶನದ ಕಟ್ಟಡಗಳು ಏಳುತ್ತಿದ್ದಾಗ, ಕಲ್ಲು ಹೊರುವವರ ಕೂಸುಗಳು ಧೂಳಿನಲ್ಲಿ ಬಿದ್ದಿದ್ದುದನ್ನು ಮೀರಾ ಮಹಾದೇವನ್ ಕಂಡರು. ಅಲ್ಲೇ ಒಂದು ಡೇರೆ ಹಾಕಿಸಿ ಮಕ್ಕಳನ್ನು ಕೂಡಿಸಿದರು. ಕಟ್ಟಡ ಮುಗಿದರೆ ಡೇರೆ ಮುಂದಿನ ಕಟ್ಟಡಕ್ಕೆ. ‘ಮೊಬೈಲ್ ಕ್ರೆಷಸ್’ ಹುಟ್ಟಿದ್ದು ಹಾಗೆ. ಮಹಾತ್ಮರ ನೆನಪಿನ ಮಂಟಪಗಳಿಗಿಂತ ಆ ಡೇರೆ ದೊಡ್ಡದೆಂದು ನನಗೆ ಅನ್ನಿಸುತ್ತದೆ.

ಅಂದು ರಾತ್ರಿ ಮೊಮ್ಮಗಳಿಗೆ ಪುಣ್ಯಕೋಟಿಯ ಕಥೆ ಹೇಳುವ ಸರದಿ ನನ್ನದು. ಸಾವಿರ ಸಲ ಹೇಳಿದ ಕಥೆ. ಕೊಟ್ಟ ಮಾತಿಗೆ ತಪ್ಪದ ಹಸು ಎಂದು ಎಲ್ಲರೂ ಕೊಂಡಾಡುತ್ತೇವೆ. ಅಂದು ಬೇರೊಂದು ಜಾಗದಲ್ಲಿ ಮಾತು ನಿಂತಿತು. ಹುಲಿಯ ಬಳಿಗೆ ಹಿಂದಿರುಗುವ ಮೊದಲು ಪುಣ್ಯಕೋಟಿ ಮಾಡಿದ್ದೇನು? ದೊಡ್ಡಿಯ ಇತರ ಹಸುಗಳನ್ನು ಕರೆದು, ಕರುವನ್ನು ಒಪ್ಪಿಸಿ, ನಿಮ್ಮ ಮಗುವೆಂದೇ ಕಾಣಿರಿ ಎಂದು ಬೇಡಿಕೊಂಡಳು. ಅವು ಒಪ್ಪಿಕೊಳ್ಳದಿದ್ದರೆ? ಅವಳ ಸತ್ಯಕ್ಕೆ ಏನು ಗತಿಯಾಗುತ್ತಿತ್ತು? ಆ ಹಸುಗಳನ್ನು ಯಾರೂ ಕೊಂಡಾಡುವುದಿಲ್ಲ. ಕರುವಿನ ತಂದೆಯ ವಿಷಯವಾಗಿ ಆ ಹಾಡಿನಲ್ಲಿ ಒಂದು ಮಾತೂ ಇಲ್ಲ. ಅದನ್ನೂ ಇದುವರೆಗೆ ನಾನು ಗಮನಿಸಿರಲಿಲ್ಲ.

ಮರುದಿನ ಮಗನಿಗೆ ಹಾಳೆಯ ತಪ್ಪನ್ನು ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇಬ್ಬರ ಸಂಬಳವನ್ನೂ ಮೇಲೆ ಬರೆದು ಹೊಸದಾಗಿ ಲೆಕ್ಕ ಹಾಕಿದ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಲು ಕೇಳುತ್ತೇನೆಂದ. ಕೇಳಿದ್ದಾನೆ, ಒಂದು ದಿನ ಸಿಕ್ಕಿದೆ. ಸೊಸೆ ಕಣ್ಣಂಚಿನಲ್ಲಿ ನನ್ನನ್ನು ನೋಡಿ, “ಮಾವ, ಆ ಒಂದು ದಿನ ಮಗೂನ ನಿಜವಾಗ್ಲೂ ಅವರೇ ನೋಡ್ಕೋತಾರಾ ಅಂತ ನೀವೇ ಆಡಿಟ್ ಮಾಡ್ಬೇಕು” ಎಂದಳು.

ಆ ಹೆಂಗಸಿಗೆ, ಮಗುವನ್ನೂ ಕರೆತಾ ಎಂದೆವು. ಒಂಬತ್ತು ವರ್ಷದವಳು ಮಧ್ಯಾಹ್ನವಾದರೂ ಓದಿಕೊಳ್ಳಲಿ ಎಂದು. ಎರಡು ಮಕ್ಕಳೂ ಒಂದು ಸ್ಟೀಲಿನ ಡಬ್ಬಿಗಾಗಿ ಕೂದಲು ಹಿಡಿದು ಜಗಳವಾಡುತ್ತವೆ. ಆದರೆ ಬೆಳಗಿನ ಎರಡು ಮನೆಗಳವರು ಮಗುವನ್ನು ತರಕೂಡದೆಂದಿದ್ದಾರೆ. ಹಾಗಾಗಿ ದೊಡ್ಡವಳ ಶಾಲೆ ತಪ್ಪುವುದು ಇನ್ನೂ ನಿಂತಿಲ್ಲ. ಆ ಮನೆಗಳಲ್ಲಿಯೂ ನಮ್ಮಂಥ ಸಭ್ಯರೇ ಇದ್ದಾರೆ.

ಕೊನೆಗೆ, ನಲವತ್ತೇಳು ವರ್ಷ ತಡವಾಗಿ, ನನ್ನಾಕೆಯನ್ನು ಕೇಳಿದೆ: “ಆಗ ನಿನಗೆ ಕೆಲಸ ಬಿಡೋಕೆ ಮನಸ್ಸಿತ್ತೇ?”

ಅವಳು ಎರಡು ಲೋಟಗಳಿಗೆ ಹಾಲು ಬಗ್ಗಿಸುತ್ತಿದ್ದಳು. ತಲೆಯೆತ್ತಲಿಲ್ಲ. “ಅವತ್ತು ನೀವು ದಶಕ ಮಾತ್ರ ಬಿಟ್ಟಿರಲಿಲ್ಲ” ಎಂದಳು. ಆಮೇಲೆ, “ಇನ್ನೊಂದು ಅರ್ಧ ಲೀಟರು ಹಾಲು ಹೆಚ್ಚಿಗೆ ಹಾಕಿಸಬೇಕು. ಎರಡು ಮಕ್ಕಳಿಗೂ ಸಾಲೋಲ್ಲ. ನಿಮ್ಮ ಪೆನ್ಷನ್ನಿಗೆ ಬರೆದುಕೊಳ್ಳಿ.”

ಬರೆದುಕೊಂಡಿದ್ದೇನೆ.